ನೀನ್ ಯಾವ್ ಕಡೆ ಮಾವ?

ಅರಕಲಗೂಡಿನಲ್ಲಿರುವ ನನ್ನ ತಂಗಿಯ ಮಗನಿಗೆ ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋದಾಗ ಅವನು ತಿಳಿನೀಲಿ ಬಿಳಿ ಪಟ್ಟೆಯ ಅಂಗಿ ತೊಟ್ಟಿದ್ದ. ಬೆನ್ನ ಮೇಲೆ 10 ಅಂತ ಅಂಕಿ. ಸಂತೆಯಲ್ಲಿ ಕೊಂಡದ್ದು. ನಾನಿದ್ದ ಮೂರು ದಿನವೂ ಅದೇ ಅಂಗಿ. ರಾತ್ರಿ ಅವರಮ್ಮ ಒಗೆದು ಹರವಿದರೆ ಬೆಳಿಗ್ಗೆ ಇನ್ನೂ ಹಸಿಯಿರುವಾಗಲೇ ಎಳೆದು ಹಾಕಿಕೊಳ್ಳುತ್ತಿದ್ದ. ಊಟಕ್ಕೆ ಕೂತಾಗ ಕೇಳಿದ: ‘ನೀನ್ ಯಾವ್ ಕಡೆ ಮಾವ? ಅರ್ಜೆಂಟೀನಾನಾ, ಬ್ರೆಜಿಲ್ಲಾ?’

ನನಗೆ ಥಟ್ಟನೆ ಏನೂ ಹೊಳೆಯಲಿಲ್ಲ. ‘ನಿಂಗ್ಯಾಕೆ ಅರ್ಜೆಂಟೀನಾ ಇಷ್ಟ?’ ಅಂತ ತಿರುಗಿ ಕೇಳಿದೆ. ಅವನು ಒಂದು ಕ್ಷಣವೂ ತಡೆಯದೆ, ‘ಎದುರುಮನೆ ಅಣ್ಣಾನೂ ಅರ್ಜೆಂಟೀನಾನೇ’ ಅಂದ.

ಅಭಿಮಾನದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ನೇರವಾದ ಉತ್ತರ ಕಡಿಮೆ. ಮೆಸ್ಸಿಯ ಆಟ, ಕಪ್ಪು, ಗೋಲು ಇವೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಎದುರುಮನೆಯ ಅಣ್ಣ.

ಆ ಅಣ್ಣನನ್ನೂ ಮಾತಾಡಿಸಿದೆ. ಅವನು ಕುಶಾಲನಗರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. 2022ರ ಡಿಸೆಂಬರ್ 18ರ ರಾತ್ರಿ ಜೊತೆಗೆ ಕೆಲಸ ಮಾಡುವ ಮಲಯಾಳಿ ಹುಡುಗರ ಕೋಣೆಯಲ್ಲಿ ಕೂತು ವಿಶ್ವಕಪ್ ಫೈನಲ್ ನೋಡಿದ್ದ. ಆ ವರ್ಷ ಜಿಯೋ ಸಿನಿಮಾದಲ್ಲಿ ಪಂದ್ಯಗಳು ಉಚಿತವಾಗಿ ಬರುತ್ತಿದ್ದವು; ಒಂದೇ ಮೊಬೈಲಿನ ಸುತ್ತ ಏಳೆಂಟು ತಲೆ. ಅರ್ಜೆಂಟೀನಾ, ಫ್ರಾನ್ಸ್ ತಲಾ ಮೂರು ಗೋಲು ಹೊಡೆದು, ಕೊನೆಗೆ ಪೆನಾಲ್ಟಿಯಲ್ಲಿ 4-2ರಿಂದ ಅರ್ಜೆಂಟೀನಾ ಗೆದ್ದಾಗ ಆ ಕೋಣೆಯಲ್ಲಿ ಅತ್ತವರೂ ಇದ್ದರಂತೆ. ‘ಅವ್ರು ಅಳದ್ ನೋಡಿ ನಂಗೂ ಒಂಥರಾ ಆಯ್ತು ಸಾರ್’ ಅಂದ. ಅವತ್ತಿನಿಂದ ಅವನು ಆ ಕಡೆ.

ಆ ಮಲಯಾಳಿ ಹುಡುಗರಿಗೆ ಅದು ಎಲ್ಲಿಂದ ಬಂತು? ಅವರ ಅಪ್ಪಂದಿರಿಂದ, ಚಿಕ್ಕಪ್ಪಂದಿರಿಂದ. 1986ರ ಮೆಕ್ಸಿಕೊ ವಿಶ್ವಕಪ್ಪನ್ನು ದೂರದರ್ಶನ ನೇರವಾಗಿ ತೋರಿಸಿತು. ಆ ಜೂನ್ 22ರಂದು ಮರಡೋನಾ ಇಂಗ್ಲೆಂಡಿನ ಆಟಗಾರರನ್ನು ಒಬ್ಬೊಬ್ಬರನ್ನಾಗಿ ದಾಟಿಕೊಂಡು ಹೋಗಿ ಹೊಡೆದ ಗೋಲನ್ನು ಇಡೀ ಊರಿಗೆ ಒಂದೆರಡು ಟಿವಿ ಇದ್ದ ಕಾಲದಲ್ಲಿ ಒಟ್ಟಿಗೆ ಕೂತು ನೋಡಿದ ತಲೆಮಾರು ಅದು. 2022ರಲ್ಲಿ ಕೋಯಿಕ್ಕೋಡ್ ಬಳಿಯ ಪುಲ್ಲಾವೂರಿನಲ್ಲಿ ನದಿಯ ಮಧ್ಯೆ ಮೆಸ್ಸಿಯ 30 ಅಡಿಯ ಕಟೌಟ್ ಎದ್ದಿತು. ಬ್ರೆಜಿಲ್ ಕಡೆಯವರು ಸುಮ್ಮನಿರದೆ 40 ಅಡಿಯ ನೇಮಾರ್‌ನನ್ನು ನಿಲ್ಲಿಸಿದರು. ಹೀಗೆ ಮೆಕ್ಸಿಕೊದಿಂದ ಮಲಬಾರಿಗೆ, ಮಲಬಾರಿನಿಂದ ಕುಶಾಲನಗರಕ್ಕೆ, ಅಲ್ಲಿಂದ ಕೊಣನೂರು ದಾಟಿ ಅರಕಲಗೂಡಿನ ಸಂತೆಗೆ ಆ ಪಟ್ಟೆ ಅಂಗಿ ಬಂದಿದೆ. ದಾರಿಯುದ್ದಕ್ಕೂ ಒಬ್ಬರ ಪಕ್ಕ ಒಬ್ಬರು ಕೂತಿದ್ದರು.

ಯಾವ ವಯಸ್ಸಿನಲ್ಲಿ ಹೀಗೆ ಕೂರುತ್ತೇವೆ ಎನ್ನುವುದೂ ಮುಖ್ಯ. ಅಮೆರಿಕದ ಅರ್ಥಶಾಸ್ತ್ರಜ್ಞ ಸೇಥ್ ಸ್ಟೀಫನ್ಸ್ ಡೇವಿಡೊವಿಟ್ಜ್ 2014ರಲ್ಲಿ ಫೇಸ್‌ಬುಕ್ಕಿನ ಮಾಹಿತಿ ಇಟ್ಟುಕೊಂಡು ಅಲ್ಲಿನ ಬೇಸ್‌ಬಾಲ್ ಅಭಿಮಾನಿಗಳ ಲೆಕ್ಕ ಹಾಕಿದರು. ಗಂಡುಮಕ್ಕಳ ಮಟ್ಟಿಗೆ ಎದ್ದು ಕಂಡದ್ದು ಎಂಟನೆಯ ವಯಸ್ಸು. ಹುಡುಗನಿಗೆ ಎಂಟು ವರ್ಷವಾಗಿದ್ದಾಗ ಯಾವ ತಂಡ ಕಪ್ ಗೆದ್ದಿತ್ತೋ ಆ ತಂಡ ಅವನನ್ನು ನಡುವಯಸ್ಸಿನವರೆಗೂ ಹಿಡಿದಿಟ್ಟುಕೊಂಡಿತ್ತು. 1969ರಲ್ಲೂ 1986ರಲ್ಲೂ ಗೆದ್ದ ನ್ಯೂಯಾರ್ಕಿನ ಮೆಟ್ಸ್ ತಂಡಕ್ಕೆ ಆಗ ಏಳೆಂಟು ವರ್ಷದವರಾಗಿದ್ದವರಲ್ಲೇ ಹೆಚ್ಚು ಅಭಿಮಾನಿಗಳು. ನನ್ನ ತಂಗಿಯ ಮಗನ ವಯಸ್ಸು ನೆನಪಾಯಿತು. ಆ ವಯಸ್ಸಿನಲ್ಲಿ ಮನಸ್ಸು ಹಸಿ ಗೋಡೆ. ಒತ್ತಿದ ಕೈ ಅಲ್ಲೇ ಉಳಿಯುತ್ತದೆ.

ಆದರೆ ಈ ಲೆಕ್ಕ ನಮ್ಮ ಹಾಸನ ಜಿಲ್ಲೆಯಲ್ಲಿ ಪೂರ್ತಿ ಹೊಂದುವುದಿಲ್ಲ. ಗೆದ್ದ ತಂಡಕ್ಕೇ ಮಕ್ಕಳು ಅಂಟಿಕೊಳ್ಳುವುದಾದರೆ ಐಪಿಎಲ್ ಕ್ರಿಕೆಟ್ಟಿನಲ್ಲಿ ನಮ್ಮ ಜಿಲ್ಲೆಯ ಮಕ್ಕಳೆಲ್ಲ ಚೆನ್ನೈ, ಮುಂಬೈ ಕಡೆ ಇರಬೇಕಿತ್ತು. ಆರ್‌ಸಿಬಿ 2009ರ ಫೈನಲ್ಲಿನಲ್ಲಿ 6 ರನ್ನಿನಿಂದ ಸೋತಿತು. 2011ರಲ್ಲಿ 58 ರನ್. 2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಹೊಡೆದರೂ ಫೈನಲ್ಲಿನಲ್ಲಿ 8 ರನ್ ಸಾಲದೆ ಹೋಯಿತು, ಅದೂ ಸ್ವಂತ ಮೈದಾನದಲ್ಲಿ. ಪ್ರತಿ ವರ್ಷ ಸೋಲು, ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಆಟೊಗಳ ಹಿಂದೆ, ಚನ್ನರಾಯಪಟ್ಟಣದಲ್ಲಿ ಎಳನೀರು ಗಾಡಿಗಳ ಮೇಲೆ, ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳ ಗೋಡೆಯ ಮೇಲೆ ಕೂಡ ಆ ಸಾಲು ಬರೆದದ್ದನ್ನು ನಾನು ನೋಡಿದ್ದೇನೆ. ಸೋಲು ಬಂದಷ್ಟೂ ಅಕ್ಷರ ದಪ್ಪವಾಗುತ್ತಿತ್ತು.

ಇದಕ್ಕೆ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ. ಮಾರ್ಥಾ ನ್ಯೂಸನ್, ಮೈಕೆಲ್ ಬರ್‌ಮೆಸ್ಟರ್, ಹಾರ್ವೆ ವೈಟ್‌ಹೌಸ್ ಎಂಬ ಸಂಶೋಧಕರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಕಡೆ ಹತ್ತು ವರ್ಷ ಸತತ ಚೆನ್ನಾಗಿ ಆಡಿದ ಮ್ಯಾಂಚೆಸ್ಟರ್ ಯುನೈಟೆಡ್, ಚೆಲ್ಸಿಯಂಥ ತಂಡಗಳ ಅಭಿಮಾನಿಗಳು. ಇನ್ನೊಂದು ಕಡೆ ಅದೇ ಅವಧಿಯಲ್ಲಿ ಹೆಚ್ಚು ಪೆಟ್ಟು ತಿಂದ ಹಲ್, ಸಂಡರ್‌ಲೆಂಡ್, ಕ್ರಿಸ್ಟಲ್ ಪ್ಯಾಲೇಸ್ ಅಭಿಮಾನಿಗಳು. ತಮ್ಮ ಜೊತೆಯ ಅಭಿಮಾನಿಗಳನ್ನು ಒಡಹುಟ್ಟಿದವರಂತೆ ಕಂಡವರು, ಅವರಿಗಾಗಿ ಏನನ್ನಾದರೂ ಬಿಟ್ಟುಕೊಡಲು ಸಿದ್ಧ ಎಂದವರು ಸೋತ ತಂಡಗಳ ಕಡೆ ಹೆಚ್ಚಾಗಿದ್ದರು. ಒಟ್ಟಿಗೆ ಪಟ್ಟ ಪಾಡು ಜನರನ್ನು ಬೆಸೆಯುತ್ತದೆ. ಇದು ನಮ್ಮ ಹಳ್ಳಿಗಳಿಗೆ ಹೊಸ ವಿಷಯವಲ್ಲ. ಬರಗಾಲದಲ್ಲಿ ಒಂದೇ ಬಾವಿಯಲ್ಲಿ ನೀರು ಸೇದಿದವರ ಸ್ನೇಹ ಮಳೆ ಬಂದ ಮೇಲೂ ಉಳಿಯುತ್ತದೆ.

ನನಗೆ ಇದು ಅನುಭವದಿಂದಲೂ ಗೊತ್ತು. ನಾನು ಓದಿದ್ದು ಹಳ್ಳಿಮೈಸೂರು ಹೋಬಳಿಯ ಒಂದು ಸರ್ಕಾರಿ ಶಾಲೆಯಲ್ಲಿ. ಏಳನೇ ಕ್ಲಾಸಿನಲ್ಲಿದ್ದಾಗ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಕಬಡ್ಡಿ ತಂಡ ಹೋಗಿತ್ತು. ನಾನು ಆಡುವವನಲ್ಲ, ಸುಣ್ಣದ ಗೆರೆಯಾಚೆ ನಿಂತು ಕೂಗುವವನು. ಸೆಮಿಫೈನಲ್ಲಿನಲ್ಲಿ ಒಂದೇ ಒಂದು ಪಾಯಿಂಟಿನಿಂದ ಸೋತೆವು. ಕೊನೆಯ ರೈಡಿಗೆ ಹೋಗಿ ಸಿಕ್ಕಿಬಿದ್ದ ಹುಡುಗ ಯಾರ ಮುಖವನ್ನೂ ನೋಡದೆ ನೇರ ಬೋರ್‌ವೆಲ್ಲಿನ ಹತ್ತಿರ ಹೋಗಿ ತಲೆಗೆ ನೀರು ಹೊಡೆದುಕೊಂಡ. ಸಂಜೆ ಐದು ಮೈಲಿ ನಡೆದು ಊರಿಗೆ ಬಂದೆವು. ದಾರಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಆ ತಂಡದ ಏಳೂ ಜನರ ಹೆಸರು ನನಗೆ ಇವತ್ತಿಗೂ ಬಾಯಿಪಾಠ. ಮಾರನೆಯ ವರ್ಷ ಗೆದ್ದ ತಂಡದಲ್ಲಿ ಯಾರ್ಯಾರಿದ್ದರು ಎನ್ನುವುದು ಅಷ್ಟು ಸ್ಪಷ್ಟವಾಗಿ ನೆನಪಿಲ್ಲ.

‘ಸೋತೆವು’ ಎಂದು ಬರೆದೆ. ಆಡಿದವರು ಏಳು ಜನ, ನಾನು ಗೆರೆಯಾಚೆ. ಆದರೂ ಬೇರೆ ಮಾತು ಬರುವುದಿಲ್ಲ. 1976ರಲ್ಲಿ ರಾಬರ್ಟ್ ಚಾಲ್ಡಿನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಹಿಡಿದು ನೋಡಿದರು. ವಿಶ್ವವಿದ್ಯಾಲಯದ ತಂಡ ಗೆದ್ದರೆ ವಿದ್ಯಾರ್ಥಿಗಳು ‘ನಾವು ಗೆದ್ದೆವು’ ಅನ್ನುತ್ತಿದ್ದರು, ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ಹಾಕಿಕೊಂಡು ಬರುತ್ತಿದ್ದರು. ಸೋತರೆ ‘ಅವರು ಸೋತರು’. ಗೆಲುವಿನ ಬಿಸಿಲಿನಲ್ಲಿ ಮೈಕಾಯಿಸಿಕೊಳ್ಳುವ ಆಸೆ ಎಲ್ಲರಲ್ಲೂ ಇದೆ ಎಂಬುದು ಅವರ ನಿಲುವು. ಅದು ನಿಜವೇ. ಆದರೆ ಕನ್ನಡದ ‘ನಮ್ಮ’ ಇನ್ನೊಂದಿಷ್ಟು ಅಗಲ. ಒಬ್ಬನೇ ಮಗನಾದವನೂ ‘ನಮ್ಮಪ್ಪ’ ಅನ್ನುತ್ತಾನೆ, ‘ನನ್ನಪ್ಪ’ ಅನ್ನುವುದು ಅಪರೂಪ. ಒಬ್ಬಂಟಿಯಾಗಿ ಬದುಕುವ ಮುದುಕಿಯೂ ‘ನಮ್ಮನೆಗೆ ಬಾರಪ್ಪ’ ಎಂದೇ ಕರೆಯುತ್ತಾಳೆ. ಹೀಗೆ ಮಾತಾಡುವವರಿಗೆ ಹದಿನೇಳು ವರ್ಷ ಸೋತ ತಂಡವನ್ನು ‘ನಮ್ದು’ ಅನ್ನುವುದು ಕಷ್ಟವಾಗಲಿಲ್ಲ.

ಹಾಸನಕ್ಕೆ ಅಂಥದೊಂದು ‘ನಮ್ದು’ ಬೇಕೇ ಬೇಕಿತ್ತು ಎನ್ನುವುದು ನನ್ನ ಅನಿಸಿಕೆ. ಯಾಕೆಂದರೆ ನಮಗೆ ನಮ್ಮ ಹೆಸರಿನ ತಂಡವಿಲ್ಲ. ಮಹಾರಾಜ ಟ್ರೋಫಿ ಕ್ರಿಕೆಟ್ಟಿನ ತಂಡಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗದ ಹೆಸರಿನವು. ಹಾಸನ ಅಲ್ಲಿಲ್ಲ. ಟೆಸ್ಟಿನಲ್ಲಿ 236, ಏಕದಿನದಲ್ಲಿ 315 ವಿಕೆಟ್ ಪಡೆದ ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಆದರೂ ಅವರ ಹೆಸರಿನ ಮುಂದಿರುವ ಜಾವಗಲ್ ಅರಸೀಕೆರೆ ತಾಲ್ಲೂಕಿನದು ಎಂಬ ಒಂದೇ ಎಳೆ ಹಿಡಿದು ಜಿಲ್ಲೆ ಅವರನ್ನು ತನ್ನವರನ್ನಾಗಿ ಮಾಡಿಕೊಂಡಿತು. ಭಾರತಕ್ಕೆ ಎರಡು ಟೆಸ್ಟ್ ಆಡಿದ ವೇಗಿ ಡೇವಿಡ್ ಜಾನ್ಸನ್ ಅರಸೀಕೆರೆಯಲ್ಲೇ ಹುಟ್ಟಿದವರು. ಅವರನ್ನು ನಾವು ಅಷ್ಟು ನೆನೆಯಲಿಲ್ಲ. 2024ರಲ್ಲಿ ಅವರು ತೀರಿಕೊಂಡಾಗ ಎಷ್ಟೋ ಜನರಿಗೆ ಅವರು ನಮ್ಮ ಜಿಲ್ಲೆಯವರೆಂದು ಗೊತ್ತಾಯಿತು. ಆ ವಿಷಯದಲ್ಲಿ ನನಗೆ ಈಗಲೂ ನೋವಿದೆ.

ಒಂದು ಕಡೆಗೆ ನಿಲ್ಲುವುದು ಹಾಸನದವರಿಗೆ ಹೊಸದಲ್ಲ. ನಮ್ಮಲ್ಲಿ ‘ಅದು ದಳದ ಮನೆ’, ‘ಇದು ಕಾಂಗ್ರೆಸ್ ಮನೆ’ ಅಂತ ಮನೆಗಳನ್ನೇ ಗುರುತಿಸುತ್ತಾರೆ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಮೊದಲು ಗೆದ್ದದ್ದು ಹೊಳೆನರಸೀಪುರದಿಂದ. ಅದೇ ಹೊಳೆನರಸೀಪುರದಲ್ಲಿ 1989ರಲ್ಲಿ, ಹಾಸನ ಲೋಕಸಭಾ ಕ್ಷೇತ್ರದಲ್ಲಿ 1999ರಲ್ಲಿ ಅವರನ್ನು ಸೋಲಿಸಿದವರು ಜಿ. ಪುಟ್ಟಸ್ವಾಮಿಗೌಡರು. 2024ರ ಲೋಕಸಭಾ ಚುನಾವಣೆಯಲ್ಲಿ ಎದುರುಬದುರು ನಿಂತವರು ಇವರಿಬ್ಬರ ಮೊಮ್ಮಕ್ಕಳು. ನಿಂತವರಷ್ಟೇ ಅಲ್ಲ, ಓಟು ಹಾಕಿದ ಎಷ್ಟೋ ಮನೆಗಳಲ್ಲೂ ತಾತನ ಪಕ್ಷವೇ ಮೊಮ್ಮಗನದು. ಪ್ರಣಾಳಿಕೆ ಓದಿ ಪಕ್ಷ ಹಿಡಿದವರು ಎಷ್ಟಿದ್ದಾರೋ, ಅಂಕಿ ಅಂಶ ನೋಡಿ ತಂಡ ಹಿಡಿದವರೂ ಅಷ್ಟೇ ಇದ್ದಾರು.

ಅರಕಲಗೂಡಿನ ಗಡಿ ದಾಟಿದರೆ ಸಿಗುವ ಕೊಡಗಿನಲ್ಲಿ ಈ ಮಾತು ಇನ್ನೂ ಬಿಚ್ಚಿ ಕಾಣುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ತಂಡವೆಂದರೆ ಒಕ್ಕ, ಅಂದರೆ ಒಂದೇ ಮನೆತನದ ಹೆಸರು ಹೊತ್ತವರು. ಆ ವರ್ಷ 60 ಒಕ್ಕಗಳು; ಈಗ 300ಕ್ಕೂ ಮೀರಿವೆ. ಅಲ್ಲಿ ಯಾವ ಕಡೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಕೋಲ್ಕತ್ತದಲ್ಲಿ 1889ರ ಮೋಹನ್ ಬಗಾನ್, 1920ರ ಈಸ್ಟ್ ಬೆಂಗಾಲ್ ತಂಡಗಳ ಬೇರು ಇರುವುದು ಕುಟುಂಬ ಎಲ್ಲಿಂದ ಬಂತು ಎನ್ನುವುದರಲ್ಲಿ. ಪೂರ್ವ ಬಂಗಾಳದಿಂದ ಬಂದವರು ಈಸ್ಟ್ ಬೆಂಗಾಲ್ ಗೆದ್ದ ದಿನ ಇಲಿಶ್ ಮೀನು ಬೇಯಿಸುತ್ತಾರೆ; ಆಚೆಯವರು ಗೆದ್ದರೆ ಸಿಗಡಿ. ದೇಶ ಇಬ್ಭಾಗವಾಗಿ ಮನೆಮಠ ಬಿಟ್ಟು ಬಂದವರಿಗೆ ತಂಡದ ಹೆಸರಿನಲ್ಲಾದರೂ ಊರು ಉಳಿಯಿತು.

ಬೇರು ಇಷ್ಟು ಆಳವಿಲ್ಲದಿದ್ದರೂ ಮನುಷ್ಯ ಕಡೆ ಹಿಡಿಯುತ್ತಾನೆ. ಬ್ರಿಸ್ಟಲಿನಲ್ಲಿ ಹೆನ್ರಿ ತಾಜ್‌ಫೆಲ್ ಶಾಲಾ ಹುಡುಗರಿಗೆ ಇಬ್ಬರು ಚಿತ್ರಕಾರರ ಚಿತ್ರ ತೋರಿಸಿ, ನಿನಗೆ ಇವನ ಚಿತ್ರ ಇಷ್ಟ, ನೀನು ಈ ಗುಂಪು ಎಂದು ಹೇಳಿದರು. ನಿಜವಾಗಿ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ಒಂದೇ ಗುಂಪಿನವರು ಯಾರೆಂಬುದು ಆ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚಲು ಹೇಳಿದಾಗ ತಮ್ಮ ಗುಂಪಿಗೇ ಹೆಚ್ಚು ಕೊಟ್ಟರು. 1971ರಲ್ಲಿ ಬಂದ ಆ ಫಲಿತಾಂಶ ಓದಿದ ಮೇಲೆ ಸಂತೆಯ ಅಂಗಿ ನನಗೆ ಬೇರೆಯಾಗಿ ಕಾಣತೊಡಗಿತು. ಒಂದು ಬಣ್ಣ ಸಾಕು.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಎರಡು ದಿನಗಳ ಕಥೆ ಹೇಳಬೇಕು. 2023ರ ಮಾರ್ಚ್ 3, ಶುಕ್ರವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೇರಳದ ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ನಡೆಯಿತು. ದೇಶವಿಡೀ ಅದೇ ಮಾತು. ಮಾರನೆಯ ದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ನಾವು ಅದನ್ನು ಗೆದ್ದದ್ದು 1968-69ರಲ್ಲಿ, ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿದ್ದಾಗ. ಐವತ್ತನಾಲ್ಕು ವರ್ಷ! ಆರ್‌ಸಿಬಿ ಕಾದದ್ದರ ಸುಮಾರು ಮೂರರಷ್ಟು.

ಹಾಸನದಲ್ಲಿ ಅವತ್ತು ಒಂದು ಪಟಾಕಿ ಹಾರಿದ್ದು ನನಗೆ ಕೇಳಲಿಲ್ಲ. ನಾನೂ ಎರಡು ದಿನ ಕಳೆದು ಪತ್ರಿಕೆಯಲ್ಲಿ ಓದಿದೆ. ತಂಡ ರಾಜ್ಯದ್ದು, ಹೆಸರು ಕರ್ನಾಟಕ, ಕಪ್ಪು ದೇಶದ ಹಳೆಯ ಕಪ್ಪುಗಳಲ್ಲಿ ಒಂದು. ಆದರೆ ಆ ತಂಡದ ಪಂದ್ಯವನ್ನು ನಮ್ಮ ಪಕ್ಕ ಕೂತು ನೋಡಿದವರು ಯಾರೂ ಇರಲಿಲ್ಲ. ಎದುರುಮನೆ ಅಣ್ಣ ಅದನ್ನು ಹೇಳಿರಲಿಲ್ಲ. ಸಂತೆಯಲ್ಲಿ ಆ ಅಂಗಿ ಸಿಗುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು, ಆ ತಂಡದ ಬಹಳ ಮಂದಿ ಬರಿಗಾಲಿನಲ್ಲಿ ಆಡಿದರು. ಆಸ್ಟಿನ್ ಟೌನ್, ಗೌತಮಪುರದ ಬೀದಿಗಳಲ್ಲಿ ಆ ಕಥೆ ಇಂದಿಗೂ ಜೀವಂತ. ನೂರೆಂಬತ್ತು ಕಿಲೋಮೀಟರು ಈಚೆಗೆ ಅದು ಬರಲಿಲ್ಲ. ಪ್ರೀತಿ ಹುಟ್ಟುವುದಕ್ಕೆ ಮೊದಲು ಸುದ್ದಿ ತಲುಪಬೇಕು, ಅದೂ ನಾವು ನಂಬುವ ಒಬ್ಬರ ಬಾಯಿಂದ ತಲುಪಬೇಕು.

ತಲುಪಿದ ಪ್ರೀತಿ ಎಷ್ಟು ಬಲವಾಗಿರುತ್ತದೆ ಎಂದು 2025ರ ಜೂನ್ 3ರ ರಾತ್ರಿ ನೋಡಿದೆವು. ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿದಾಗ ಹಾಸನದ ಎನ್.ಆರ್. ವೃತ್ತದ ಕಡೆಯಿಂದ ಬಂದ ಸದ್ದು ನಮ್ಮ ಬೀದಿಯವರೆಗೂ ಮುಟ್ಟಿತು. 2009ರಲ್ಲಿ ಇದೇ 6 ರನ್ನಿನಿಂದ ಸೋತಾಗ ನನ್ನ ಪಕ್ಕ ಕೂತಿದ್ದ ಗೆಳೆಯನಿಗೆ ಫೋನ್ ಮಾಡಿದೆ. ಇಬ್ಬರಿಗೂ ಮಾತು ಹೊರಡಲಿಲ್ಲ. ಮಾರನೆಯ ಬೆಳಿಗ್ಗೆ ಚನ್ನರಾಯಪಟ್ಟಣದ ನನ್ನ ಪರಿಚಯದ ನಾಲ್ಕು ಹುಡುಗರು ಬೆಂಗಳೂರಿನ ರೈಲು ಹತ್ತಿದರು. 2017ರಲ್ಲಿ ಆ ದಾರಿ ತೆರೆದ ಮೇಲೆ ಹೋಗಿ ಬರುವುದು ಸುಲಭ. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತವಾಗಿ 11 ಜನ ಸತ್ತರು. ಅದರಲ್ಲಿ ನಮ್ಮ ಜಿಲ್ಲೆಯ ಮಗನೂ ಒಬ್ಬ. ಆ ನಾಲ್ವರು ರಾತ್ರಿ ತಡವಾಗಿ ವಾಪಸು ಬಂದರು. ಅವರಲ್ಲಿ ಒಬ್ಬನ ತಾಯಿ ನಿಲ್ದಾಣದಲ್ಲಿ ಸಂಜೆಯಿಂದ ಕೂತಿದ್ದರು. ಕೋಲ್ಕತ್ತದಲ್ಲೂ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಬಗಾನ್, ಈಸ್ಟ್ ಬೆಂಗಾಲ್ ಪಂದ್ಯದ ದಿನ 16 ಅಭಿಮಾನಿಗಳು ಸತ್ತಿದ್ದರು. ಆ ದಿನವನ್ನು ಅಲ್ಲಿನವರು ಇವತ್ತಿಗೂ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ರಕ್ತದಾನ ಮಾಡಿ ನೆನೆಯುತ್ತಾರೆ.

ಸತ್ತವರು ಪ್ರೀತಿಸಿದ್ದು ತಪ್ಪು ಎಂದು ನಾನು ಯಾವತ್ತೂ ಹೇಳಲಾರೆ. ಅಷ್ಟು ಜನರ ಪ್ರೀತಿಗೆ ನಿಲ್ಲಲು ಜಾಗ ಇದ್ದದ್ದು ಒಂದೇ ಬಾಗಿಲು ಎನ್ನುವುದು ನನ್ನ ಸಂಕಟ. ಹತ್ತಿರದಲ್ಲಿ ಪ್ರೀತಿಸಲು ಏನೂ ಕೊಡದೆ, ಮಕ್ಕಳು ದೂರದ್ದಕ್ಕೆ ಓಡುತ್ತಾರೆ ಎಂದು ದೂರುವ ಹಕ್ಕು ದೊಡ್ಡವರಾದ ನಮಗಿಲ್ಲ. ಅರ್ಜೆಂಟೀನಾ ಇರಲಿ, ಆರ್‌ಸಿಬಿ ಇರಲಿ. ಅವುಗಳ ಜೊತೆಗೆ ಇನ್ನೊಂದು ತಂಡವನ್ನು ಅವರ ಕೈಗೆ ಕೊಡಬಹುದಲ್ಲ? ಕೊಡಬೇಕಾದವರು ಎದುರುಮನೆಯ ಅಣ್ಣಂದಿರು, ಮಾವಂದಿರು, ಅಪ್ಪ ಅಮ್ಮಂದಿರೇ.

ಶಾಲೆ ಶುರುವಾಗಿ ಕೆಲವು ವಾರಕ್ಕೆ ಹೋಬಳಿ ಮಟ್ಟದ ಕ್ರೀಡಾಕೂಟಗಳು ಬರುತ್ತವೆ. ದೊಡ್ಡಮಗ್ಗೆ, ಮಲ್ಲಿಪಟ್ಟಣ, ಹಳೇಕೋಟೆ, ನುಗ್ಗೇಹಳ್ಳಿ, ಹಿರೀಸಾವೆ, ಸಾಲಗಾಮೆ, ಶಾಂತಿಗ್ರಾಮ ಎಲ್ಲ ಕಡೆಯೂ ನಡೆಯುತ್ತವೆ. ಎಷ್ಟೋ ಕಡೆ ಸುಣ್ಣದ ಗೆರೆಯಾಚೆ ಆ ಶಾಲೆಯ ಪಿಟಿ ಮೇಷ್ಟ್ರು, ಬದಲಿ ಆಟಗಾರರು ಬಿಟ್ಟರೆ ನಿಂತವರು ಇರುವುದಿಲ್ಲ. ಈ ಸಲ ನಿಮ್ಮ ಮನೆಯ ಎಂಟು ಒಂಬತ್ತು ವರ್ಷದ ಮಗುವಿನ ಕೈ ಹಿಡಿದು ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ನಿಂತು ಕೂಗಿ. ಅದು ಯಾವ ಅಂಗಿ ತೊಟ್ಟು ಬಂದರೂ ಬರಲಿ.